ಸೊಂಟದಲ್ಲಿ ನರದ ದಾರಿ ಕಿರಿದಾದರೆ ಸಣ್ಣ ಆಪರೇಷನ್ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 68 ವರ್ಷ. ದಾವಣಗೆರೆ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟುಕೊಂಡಿದ್ದರು, ಈಗ ನಾನು ನೋಡಿಕೊಳ್ಳುತ್ತೇನೆ. ಎರಡು ವರ್ಷದಿಂದ ಅವರಿಗೆ ನಡೆಯುವುದು ಕಷ್ಟವಾಗಿದೆ. ಮನೆಯಿಂದ ಗಡಿಯಾರ ಕಂಬ ಮುಟ್ಟುವಷ್ಟರಲ್ಲಿ ಮೂರು ಕಡೆ ಕೂರುತ್ತಾರೆ. ಪಿರ್ರೆಯಿಂದ ಮೀನಖಂಡದವರೆಗೆ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ ಅನ್ನುತ್ತಾರೆ. ಐದು ನಿಮಿಷ ಕೂತರೆ ಸರಿಹೋಗುತ್ತದೆ. ಸೈಕಲ್ ಮಾತ್ರ ಎಷ್ಟು ದೂರ ಬೇಕಾದರೂ ಹೊಡೆಯುತ್ತಾರೆ! ಶುಗರ್ 12 ವರ್ಷದಿಂದ ಇದೆ. ಎಂಆರ್‌ಐನಲ್ಲಿ ಎಲ್4-ಎಲ್5 ಹತ್ತಿರ ‘ಸಿವಿಯರ್ ಸ್ಟೆನೋಸಿಸ್’, ಎಲ್3-ಎಲ್4 ಹತ್ತಿರ ‘ಮಾಡರೇಟ್’, ಜೊತೆಗೆ ‘ಗ್ರೇಡ್ 1 ಲಿಸ್ಥೆಸಿಸ್’ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರ್ ಎರಡೂ ಕಡೆ ಸ್ಕ್ರೂ-ರಾಡ್ ಹಾಕಬೇಕು, ತಡ ಮಾಡಿದರೆ ಕಾಲು ಬಿದ್ದುಹೋಗುತ್ತದೆ ಎಂದರು. ಇನ್ನೊಬ್ಬರು ಒಂದೇ ಕಡೆ ಸಣ್ಣದಾಗಿ ಬಿಡಿಸಿದರೆ ಸಾಕು, ಸ್ಕ್ರೂ ಬೇಡ ಎಂದರು. ನೆಂಟರು ಬೆನ್ನು ಕೊಯ್ಸಿದರೆ ಹಾಸಿಗೆ ಹಿಡಿದಂತೆಯೇ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಂಆರ್‌ಐ ವರದಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಸೈಕಲ್ಲಿನ ಮಾತು. ನಡೆದರೆ ಕಾಲು ಸೋಲುತ್ತದೆ, ಕೂತರೆ ಸರಿಹೋಗುತ್ತದೆ, ಸೈಕಲ್ ಹೊಡೆದರೆ ಏನೂ ಆಗುವುದಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಸೊಂಟದೊಳಗೆ ನರದ ದಾರಿ ಕಿರಿದಾಗಿದೆ (ವರದಿಯಲ್ಲಿರುವ ‘ಸ್ಟೆನೋಸಿಸ್’ ಎಂದರೆ ಇದೇ) ಎಂಬ ಅನುಮಾನ ಬಲವಾಗುತ್ತದೆ. ಸ್ಕ್ಯಾನ್ ಆಮೇಲಿನ ಮಾತು.

ಯಾಕೆ ಹೀಗೆ ಆಗುತ್ತದೆ ಎಂದು ಮೊದಲು ನೋಡೋಣ. ಬೆನ್ನುಮೂಳೆಯ ಒಳಗೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆಯಂಥ ದಾರಿ ಇದೆ. ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಬರೀ ನರಗಳ ಗೊಂಚಲು, ಕುದುರೆ ಬಾಲದ ಹಾಗೆ. ಒಂದು ತೆಳುವಾದ ಚೀಲದೊಳಗೆ, ತಿಳಿನೀರಿನಲ್ಲಿ ಈ ನರಗಳು ತೇಲುತ್ತಿರುತ್ತವೆ. ನಿಮ್ಮ ತಂದೆಯವರಿಗೆ ತೊಂದರೆ ಇರುವ ಎಲ್4-ಎಲ್5 ಜಾಗದಲ್ಲಿ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ, ಬೆನ್ನುಹುರಿಯೇ ಇಲ್ಲ. ‘ಬೆನ್ನುಹುರಿಗೆ ಕತ್ತಿ ತಗಲಿದರೆ ಏನು ಗತಿ’ ಎಂದು ಹೆದರುವ ನೆಂಟರಿಗೆ ಇದನ್ನು ಹೇಳಿ.

ವಯಸ್ಸಾದಂತೆ ಈ ದಾರಿ ಮೂರು ಕಡೆಯಿಂದ ಒತ್ತಿಕೊಂಡು ಬರುತ್ತದೆ. ಮುಂದಿನಿಂದ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬುತ್ತದೆ. ಎರಡು ಪಕ್ಕದಿಂದ ಸವೆದ ಕೀಲುಗಳು ದಪ್ಪವಾಗುತ್ತವೆ. ಹಿಂದಿನಿಂದ, ಮೂಳೆಗೂ ಮೂಳೆಗೂ ನಡುವೆ ಇರುವ ಹಳದಿ ಪಟ್ಟಿ ಮಡಚಿಕೊಂಡು ಒಳಗೆ ಜೋಲುತ್ತದೆ. ಅದಕ್ಕೆ ಲಿಗಮೆಂಟಮ್ ಫ್ಲೇವಮ್ ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲಿ ರಬ್ಬರಿನ ಹಾಗೆ ಇರುವ ಪಟ್ಟಿ ಅದು. ನನ್ನ ಅನುಭವದಲ್ಲಿ ನರವನ್ನು ಅತಿ ಹೆಚ್ಚು ಒತ್ತುವುದು ಡಿಸ್ಕಿಗಿಂತ ಈ ಪಟ್ಟಿಯೇ. ಈ ಮಾತನ್ನು ನೆನಪಿನಲ್ಲಿಡಿ, ಸಣ್ಣ ಆಪರೇಷನ್ನಿನ ಗುಟ್ಟು ಇಲ್ಲೇ ಇದೆ.

ನೆಟ್ಟಗೆ ನಿಂತಾಗ ಆ ಪಟ್ಟಿ ಇನ್ನಷ್ಟು ಮಡಚಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಮುಂದಕ್ಕೆ ಬಾಗಿದರೆ ಪಟ್ಟಿ ಎಳೆದುಕೊಂಡು ದಾರಿ ಸ್ವಲ್ಪ ತೆರೆದುಕೊಳ್ಳುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ, ಹಾಗೆ: ಬಾಗಿದವನಿಗೆ ಮಾತ್ರ ದಾರಿ. ಸೈಕಲ್ ಮೇಲೆ ಕೂತು ಹ್ಯಾಂಡಲ್ ಹಿಡಿದಾಗ ಅಪ್ಪಾಜಿ ತಮಗೇ ಗೊತ್ತಿಲ್ಲದೆ ಬಾಗಿರುತ್ತಾರೆ. ಆದ್ದರಿಂದ ಅಲ್ಲಿ ನರಕ್ಕೆ ಉಸಿರು.

ನನ್ನ ಹತ್ತಿರ ಒಬ್ಬ ತರಕಾರಿ ಮಾರುವವರು ಬರುತ್ತಿದ್ದರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ತಳ್ಳುಗಾಡಿ ತಳ್ಳಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು, ಕಾಲು ನೋಯುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಬರಿಗೈಯಲ್ಲಿ ಮನೆಗೆ ಹೊರಟರೆ ನೂರು ಹೆಜ್ಜೆಗೆ ಕೂರಬೇಕಾಗುತ್ತಿತ್ತು. ಮನೆಯವರು ಇದನ್ನು ನಾಟಕ ಎಂದುಕೊಂಡಿದ್ದರು. ಪಾಪ, ಅದು ನಾಟಕವಲ್ಲ. ಗಾಡಿ ಹಿಡಿದಾಗ ಬೆನ್ನು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತದೆ, ಅಷ್ಟೇ. ಚಿತ್ರದುರ್ಗದ ಕಡೆಯವರು ಹೇಳುವುದು ಇನ್ನೂ ಸೊಗಸು: ‘ಕೋಟೆ ಹತ್ತೋವಾಗ ಏನೂ ಇಲ್ಲ ಸಾರ್, ಇಳಿಯೋವಾಗ ಕಾಲು ಬರಲ್ಲ.’ ಹತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ, ಇಳಿಯುವಾಗ ಹಿಂದಕ್ಕೆ ವಾಲುತ್ತದೆ. ಈ ಒಂದು ಮಾತು ಕೇಳಿದರೆ ನಾನು ಅರ್ಧ ರೋಗ ಪತ್ತೆ ಮಾಡಿಬಿಡುತ್ತೇನೆ.

ನೆದರ್ಲೆಂಡ್ಸ್ ದೇಶದ ಹೆಂಕ್ ವರ್ಬೀಸ್ಟ್ ಎಂಬ ನರ ಶಸ್ತ್ರವೈದ್ಯರು 1954ರಲ್ಲಿ ಇದನ್ನು ವಿವರವಾಗಿ ಬರೆದ ಮೇಲೆಯೇ ಜಗತ್ತು ಇದನ್ನು ಒಂದು ರೋಗ ಎಂದು ಗುರುತಿಸಿದ್ದು. ಮಲಗಿಸಿ ಪರೀಕ್ಷೆ ಮಾಡಿದರೆ ಏನೂ ಸಿಗದ, ನಡೆದರೆ ಮಾತ್ರ ಕಾಣುವ ಕಾಯಿಲೆ. ಅದಕ್ಕೆ ಮೊದಲು ಇಂಥವರ ಮಾತನ್ನು ಎಷ್ಟು ಜನ ನಂಬಿದ್ದರೋ!

ಈಗ ಶುಗರ್ ವಿಷಯ. ಇದನ್ನು ಹಗುರವಾಗಿ ಬಿಡಬೇಡಿ. 12 ವರ್ಷದ ಶುಗರ್ ಇರುವವರಲ್ಲಿ ಕಾಲು ನೋವಿಗೆ ಇನ್ನೆರಡು ಕಾರಣ ಇರಬಹುದು. ಒಂದು, ಕಾಲಿನ ರಕ್ತನಾಳ ಕಟ್ಟಿಕೊಂಡಿರುವುದು. ಅದರಲ್ಲೂ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಆದರೆ ಅವರು ಕೂರಬೇಕಾಗಿಲ್ಲ, ನಿಂತಲ್ಲೇ ನಿಂತರೂ ಒಂದೆರಡು ನಿಮಿಷಕ್ಕೆ ಕಡಿಮೆಯಾಗುತ್ತದೆ. ಸೈಕಲ್ ಹೊಡೆದರೂ ನೋವು ಬರುತ್ತದೆ. ಇನ್ನೊಂದು, ಶುಗರ್‌ನಿಂದಲೇ ಪಾದದ ನರಗಳು ಸೊರಗಿರುವುದು. ಅದರಲ್ಲಿ ಅಂಗಾಲು ಉರಿಯುತ್ತದೆ, ರಾತ್ರಿ ಮಲಗಿದಾಗ ಜಾಸ್ತಿ, ನಡಿಗೆಗೂ ಅದಕ್ಕೂ ಸಂಬಂಧವಿಲ್ಲ. ಅಪ್ಪಾಜಿಯ ಪಾದದ ಮೇಲೆ ನಾಡಿ ಸಿಗುತ್ತದೋ ಇಲ್ಲವೋ ಎಂದು ಇಬ್ಬರು ಡಾಕ್ಟರರಲ್ಲಿ ಯಾರಾದರೂ ಬೆರಳಿಟ್ಟು ನೋಡಿದರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ನೋಡಿಸಿ. ಸಿಗದಿದ್ದರೆ ಕಾಲಿನಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಸೊಂಟದ ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಶುಗರ್‌ನ ಅಂಗಾಲು ಉರಿ ಹೋಗುವುದಿಲ್ಲ. ಅದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಆಮೇಲೆ ‘ಆಪರೇಷನ್ ಫೇಲ್ ಆಯ್ತು’ ಎಂಬ ಬೇಸರ ಉಳಿಯುತ್ತದೆ.

ಎಂಆರ್‌ಐ ವರದಿಯ ‘ಸಿವಿಯರ್’ ಎಂಬ ಪದ ಮನೆಯವರ ನಿದ್ದೆ ಕೆಡಿಸುತ್ತದೆ. 1990ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 67 ಜನರಿಗೆ ಸುಮ್ನೆ ಎಂಆರ್‌ಐ ಮಾಡಿ ನೋಡಿದರು. 60 ದಾಟಿದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ದಾರಿ ಕಿರಿದಾಗಿತ್ತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಹಾಗಾಗಿ ಸ್ಕ್ಯಾನ್ ನೋಡಿ ಆಪರೇಷನ್ ಮಾಡುವುದಲ್ಲ. ಕಾಲು ಹೇಳುವ ಮಾತಿಗೆ ಸ್ಕ್ಯಾನ್ ಹೌದು ಎನ್ನುತ್ತದಾ ಎಂದು ನೋಡುವುದು. ನಿಮ್ಮ ತಂದೆಯವರಲ್ಲಿ ಎರಡೂ ಹೊಂದುತ್ತಿವೆ.

‘ತಡ ಮಾಡಿದರೆ ಕಾಲು ಬಿದ್ದುಹೋಗುತ್ತದೆ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಇದು ನಿಧಾನದ ಕಾಯಿಲೆ. ಬಹಳ ಜನರಲ್ಲಿ ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ, ಕೆಲವರಿಗೆ ತಾನಾಗಿ ಸ್ವಲ್ಪ ಕಡಿಮೆಯೂ ಆಗುತ್ತದೆ. ದಿಢೀರನೆ ಲಕ್ವ ಹೊಡೆದ ಹಾಗೆ ಆಗುವುದು ಬಹಳ ಅಪರೂಪ. ಹೆದರಿಸಿ ಸಹಿ ಹಾಕಿಸಿಕೊಳ್ಳುವ ಕಾಯಿಲೆ ಇದಲ್ಲ. ಆದರೆ ಕೆಲವು ಲಕ್ಷಣ ಕಂಡರೆ ಒಂದು ರಾತ್ರಿಯೂ ಕಾಯಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮತ್ತು ತೊಡೆಸಂದಿ ಮರಗಟ್ಟುವುದು, ಪಾದ ಮೇಲೆತ್ತಲು ಬಾರದೆ ಚಪ್ಪಲಿ ಜಾರಿ ಬೀಳುವುದು. ಇವುಗಳಲ್ಲಿ ಯಾವುದು ಬಂದರೂ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರಲಿ. ಹಿರಿಯರು ಮೂತ್ರದ ವಿಷಯ ನಾಚಿಕೆಯಿಂದ ಹೇಳುವುದೇ ಇಲ್ಲ, ನೀವೇ ಕೇಳಬೇಕು.

ಆಪರೇಷನ್ನಿಗೆ ಮೊದಲು ಬೇರೇನು ಮಾಡಬಹುದು? ವ್ಯಾಯಾಮವನ್ನು ನಿಜವಾಗಿಯೂ ಮಾಡಿದ್ದಾರಾ ಎಂದು ಕೇಳಿಕೊಳ್ಳಿ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಪರೇಷನ್‌ಗೆ ಒಪ್ಪಿ ಬಂದಿದ್ದ 169 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪು ಒಂದೇ ಮಟ್ಟದಲ್ಲಿದ್ದವು. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಮೊದಲು ವ್ಯಾಯಾಮ ಮಾಡಿದರೆ ನಷ್ಟವಿಲ್ಲ, ಕೆಲವರಿಗೆ ಅಷ್ಟೇ ಸಾಕಾಗುತ್ತದೆ, ಸಾಕಾಗದವರಿಗೆ ಆಪರೇಷನ್ ಬಾಗಿಲು ತೆರೆದೇ ಇರುತ್ತದೆ.

ವ್ಯಾಯಾಮ ಎಂದರೆ ಯಾವುದಾದರೂ ಆದೀತು ಅಂತಲ್ಲ. ಬೆನ್ನು ನೋವಿಗೆ ಭುಜಂಗಾಸನ ಒಳ್ಳೆಯದು ಎಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ಡಿಸ್ಕ್ ಜಾರಿದ ಚಿಕ್ಕ ವಯಸ್ಸಿನವರಿಗೆ ಅದು ಸರಿಯಿರಬಹುದು. ದಾರಿ ಕಿರಿದಾದವರಿಗೆ ಹಿಂದಕ್ಕೆ ಬಾಗುವುದು ಎಂದರೆ ನರವನ್ನು ಇನ್ನಷ್ಟು ಅದುಮಿದಂತೆ. ಅವರಿಗೆ ಬೇಕಾದ್ದು ಮುಂದಕ್ಕೆ ಬಾಗುವಂಥವು. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು, ಹೊಟ್ಟೆಯ ಸ್ನಾಯು ಗಟ್ಟಿ ಮಾಡುವುದು, ಸೈಕಲ್. ಅಪ್ಪಾಜಿಯ ಸೈಕಲ್ ಬಿಡಿಸಬೇಡಿ. ಬಿದ್ದಾರು ಎಂಬ ಭಯವಿದ್ದರೆ ನಿಂತಲ್ಲೇ ತುಳಿಯುವ ಸೈಕಲ್ ತಂದುಕೊಡಿ.

ಬೆನ್ನಿನ ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. 2014ರಲ್ಲಿ ಬಂದ, 400 ಜನರ ಮೇಲಿನ ಅಧ್ಯಯನದಲ್ಲಿ, ಸ್ಟೀರಾಯ್ಡ್ ಸೇರಿಸಿದ ಇಂಜೆಕ್ಷನ್‌ಗೂ ಬರೀ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್‌ಗೂ ಆರು ವಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಶುಗರ್ ಇದ್ದವರಿಗೆ ಸ್ಟೀರಾಯ್ಡ್ ಕೊಟ್ಟರೆ ಕೆಲವು ದಿನ ಶುಗರ್ ಏರುತ್ತದೆ ಕೂಡ. ನಾನು ನಿಮ್ಮ ತಂದೆಯವರಿಗೆ ಇದನ್ನು ಹೇಳುವುದಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ.

ಹಿಂದೆ ಈ ಕಾಯಿಲೆಗೆ ಮಾಡುತ್ತಿದ್ದ ಆಪರೇಷನ್ ಲ್ಯಾಮಿನೆಕ್ಟಮಿ. ನಡುಬೆನ್ನಿನಲ್ಲಿ ಉದ್ದಕ್ಕೆ ಕೊಯ್ದು, ಎರಡೂ ಕಡೆಯ ಸ್ನಾಯು ಸರಿಸಿ, ಬೆನ್ನ ಮೇಲೆ ಕೈಗೆ ತಗಲುವ ಆ ಮೂಳೆಯ ಮೊನೆ, ಅದರ ಬುಡದ ಹಲಗೆ, ಮೊನೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವ ಪಟ್ಟಿ, ಎಲ್ಲವನ್ನೂ ತೆಗೆಯುವುದು. ನರಕ್ಕೆ ಜಾಗ ಚೆನ್ನಾಗಿ ಸಿಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಬೆನ್ನನ್ನು ಹಿಂದಿನಿಂದ ಹಿಡಿದಿದ್ದ ಆಧಾರವೂ ಹೋಗುತ್ತದೆ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ರೈತರಿಗೆ ಮೂರು ಕಡೆ ಹೀಗೆ ಅಗಲವಾಗಿ ತೆಗೆದಿದ್ದೆವು. ಆ ಆಪರೇಷನ್ನಿನಲ್ಲಿ ನನ್ನ ಕೈಯೂ ಇತ್ತು. ಕಾಲು ನೋವು ಮಾಯವಾಯಿತು, ಅವರು ಊರಿಂದ ಜೋಳ ತಂದುಕೊಟ್ಟರು. ಎರಡು ವರ್ಷ ಕಳೆದ ಮೇಲೆ ಸೊಂಟ ಹಿಡಿದುಕೊಂಡು ಬಂದರು. ಎಕ್ಸ್‌ರೇ ನೋಡಿದರೆ ಮೇಲಿನ ಮೂಳೆ ಕೆಳಗಿನದರ ಮೇಲೆ ಮುಂದಕ್ಕೆ ಜಾರಿತ್ತು. ಮತ್ತೆ ಬೆನ್ನು ತೆರೆದು ಸ್ಕ್ರೂ ಹಾಕಬೇಕಾಯಿತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ನರಕ್ಕೆ ಎಷ್ಟು ಜಾಗ ಬೇಕೋ ಅಷ್ಟೇ ಮೂಳೆ ತೆಗೆಯಬೇಕು, ಒಂದು ಚೂರೂ ಜಾಸ್ತಿ ಬೇಡ ಎಂಬ ಹಟ ನನಗೆ ಬಂದದ್ದು ಅವರಿಂದ.

ನಿಮ್ಮ ಎರಡನೇ ಡಾಕ್ಟರ್ ಹೇಳಿದ ಸಣ್ಣ ಆಪರೇಷನ್ ಅದೇ. ಲ್ಯಾಮಿನಾಟಮಿ, ಮೈಕ್ರೋ ಡಿಕಂಪ್ರೆಷನ್, ಹೀಗೆ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಕಿಂಡಿ ಅಗಲ ಮಾಡಲು ಇಡೀ ಗೋಡೆ ಕೆಡವದೆ, ಒತ್ತುತ್ತಿರುವ ಕಲ್ಲನ್ನು ಮಾತ್ರ ಕೆತ್ತಿ ತೆಗೆಯುವ ಕೆಲಸ.

ರೋಗಿಯನ್ನು ಬೋರಲು ಮಲಗಿಸುತ್ತೇವೆ, ಹೊಟ್ಟೆಗೆ ಒತ್ತಡ ಬೀಳದ ಹಾಗೆ ಎದೆ ಮತ್ತು ಸೊಂಟದ ಕೆಳಗೆ ದಿಂಬು ಕೊಟ್ಟು. ಹೊಟ್ಟೆ ಅಮುಕಿದರೆ ರಕ್ತ ಜಾಸ್ತಿ ಹೋಗುತ್ತದೆ. ಸಿ-ಆರ್ಮ್ ಎಕ್ಸ್‌ರೇಯಲ್ಲಿ ಸರಿಯಾದ ಮೂಳೆ ಅದೇನಾ ಎಂದು ನೋಡಿಕೊಳ್ಳುತ್ತೇವೆ. ನಾನು ಎರಡು ಸಲ ನೋಡುತ್ತೇನೆ, ಕೊಯ್ಯುವ ಮುಂಚೆ ಒಮ್ಮೆ, ಮೂಳೆ ಮುಟ್ಟಿದ ಮೇಲೆ ಒಮ್ಮೆ. ಒಂದು ಕಡೆಗೆ ಮೂರ್ನಾಲ್ಕು ಸೆಂಟಿಮೀಟರ್ ಗಾಯ ಸಾಕು. ಒಂದೇ ಪಕ್ಕದ ಸ್ನಾಯುವನ್ನು ಸರಿಸಿ, ಮೈಕ್ರೋಸ್ಕೋಪ್ ಇಟ್ಟು, ಮೇಲಿನ ಹಲಗೆಯ ಕೆಳ ಅಂಚನ್ನು ಡ್ರಿಲ್‌ನಿಂದ ತೆಳು ಮಾಡುತ್ತೇವೆ. ಆಮೇಲೆ ಕೆರಿಸನ್ ಪಂಚ್ ಎಂಬ ಉಪಕರಣ. ಉದ್ದ ಮೂತಿ, ತುದಿಯಲ್ಲಿ ಒಂದು ಪುಟ್ಟ ಬಾಯಿ. ಹಿಂದೆ ರೈಲಿನಲ್ಲಿ ಟಿಕೆಟ್‌ಗೆ ತೂತು ಹಾಕುತ್ತಿದ್ದರಲ್ಲ, ಹಾಗೆ ಚೂರು ಚೂರೇ ಕಚ್ಚಿ ತೆಗೆಯುತ್ತದೆ.

ಅದರಿಂದ ಆ ಹಳದಿ ಪಟ್ಟಿಯನ್ನು ಬಿಡಿಸಿಕೊಂಡು ಬರುತ್ತೇವೆ. ವಯಸ್ಸಾದವರಲ್ಲಿ ಅದು ನರದ ಚೀಲಕ್ಕೆ ಅಂಟಿಕೊಂಡಿರುವುದುಂಟು, ಆಗ ಗಡಿಬಿಡಿ ಮಾಡುವಂತಿಲ್ಲ. ಒಂದು ಪಕ್ಕ ಮುಗಿದ ಮೇಲೆ ಮೇಜನ್ನು ಸ್ವಲ್ಪ ವಾಲಿಸಿ, ನಡುವಿನ ಮೊನೆಯ ಬುಡದಿಂದ ತೂರಿ, ಅದೇ ಗಾಯದಿಂದ ಆಚೆ ಪಕ್ಕದ ಪಟ್ಟಿಯನ್ನೂ ತೆಗೆಯಬಹುದು. ಆಚೆಯ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಪಕ್ಕದ ಕೀಲಿನ ಒಳಅಂಚನ್ನು ಮಾತ್ರ ಕೆರೆಯುತ್ತೇವೆ, ಕೀಲಿನ ಅರ್ಧಕ್ಕಿಂತ ಜಾಸ್ತಿ ಉಳಿಯಲೇಬೇಕು.

ಮೊದಲು ನೋಡಿದಾಗ ನರದ ಚೀಲ ಚಪ್ಪಟೆಯಾಗಿ, ಅಲುಗಾಡದೆ ಬಿದ್ದಿರುತ್ತದೆ. ಪಟ್ಟಿಯ ಕೊನೆಯ ಚೂರು ಹೊರಬಂದ ಮೇಲೆ ಒಂದೆರಡು ಕ್ಷಣ ಕಾಯಬೇಕು. ನಿಧಾನವಾಗಿ ಅದು ತುಂಬಿಕೊಳ್ಳುತ್ತದೆ, ದುಂಡಗಾಗುತ್ತದೆ. ಆಮೇಲೆ ಎದೆಬಡಿತದ ಜೊತೆಗೆ ಸಣ್ಣಗೆ ಮಿಡಿಯಲು ಶುರುಮಾಡುತ್ತದೆ. ನೂರಾರು ಸಲ ನೋಡಿದ್ದೇನೆ. ಪ್ರತಿ ಸಲವೂ ಥಿಯೇಟರಿನಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತೇವೆ.

ಒಂದೇ ಪಕ್ಕದಿಂದ ಹೋಗಬೇಕೋ, ಎರಡೂ ಪಕ್ಕದಿಂದಲೋ, ಟ್ಯೂಬ್ ಹಾಕಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಾರ್ವೆಯಲ್ಲಿ 437 ಜನರಿಗೆ ಮೂರು ಬೇರೆ ಬೇರೆ ಬಗೆಯಲ್ಲಿ ದಾರಿ ಬಿಡಿಸಿ, ಎರಡು ವರ್ಷ ನೋಡಿ, 2022ರಲ್ಲಿ ವರದಿ ಮಾಡಿದರು. ಮೂರರ ಫಲವೂ ಒಂದೇ. ಡಾಕ್ಟರರ ಕೈಗೆ ಯಾವುದು ಚೆನ್ನಾಗಿ ಪಳಗಿದೆಯೋ ಅದನ್ನೇ ಮಾಡಲಿ. ‘ಲೇಸರ್’, ‘ಹೊಲಿಗೆ ಇಲ್ಲ’ ಎಂಬ ಬೋರ್ಡು ನೋಡಿ ಹೋಗಬೇಡಿ.

ಈಗ ಸ್ಕ್ರೂ. ಸ್ಕ್ರೂ-ರಾಡ್ ಹಾಕುವುದು ಎರಡು ಮೂಳೆಯನ್ನು ಅಲುಗಾಡದಂತೆ ಒಂದಾಗಿ ಬೆಸೆಯಲು. ಅಪ್ಪಾಜಿಗೆ ಗ್ರೇಡ್ 1 ಲಿಸ್ಥೆಸಿಸ್ ಇದೆ. ಅಂದರೆ ನಾಲ್ಕನೇ ಮೂಳೆ ಐದನೆಯದರ ಮೇಲೆ ಸ್ವಲ್ಪ ಮುಂದಕ್ಕೆ ಜಾರಿದೆ, ಮೂಳೆಯ ಅಗಲದ ಕಾಲು ಭಾಗಕ್ಕಿಂತ ಕಡಿಮೆ. ಮೊದಲು ಇದು ಕಂಡರೆ ಸಾಕು, ಸ್ಕ್ರೂ ಎನ್ನುತ್ತಿದ್ದೆವು. ನಾನೂ ಹಾಗೇ ಮಾಡುತ್ತಿದ್ದೆ. 2016ರಲ್ಲಿ ಸ್ವೀಡನ್ನಿನವರು 247 ಜನರ ಫಲಿತಾಂಶ ಕೊಟ್ಟರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಮೂಳೆ ಜಾರಿತ್ತು. ಬರೀ ದಾರಿ ಬಿಡಿಸಿದವರಿಗೂ, ಅದರ ಜೊತೆ ಮೂಳೆ ಬೆಸೆದವರಿಗೂ ಎರಡು ವರ್ಷದಲ್ಲಿ ನಡಿಗೆಯಲ್ಲಾಗಲಿ ನೋವಿನಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ಬೆಸೆದವರಿಗೆ ರಕ್ತ ಜಾಸ್ತಿ ಹೋಗಿತ್ತು, ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇದ್ದರು. 2021ರಲ್ಲಿ ನಾರ್ವೆಯವರು ಬರೀ ಮೂಳೆ ಜಾರಿದ 267 ಜನರನ್ನೇ ತೆಗೆದುಕೊಂಡು ನೋಡಿದರು. ಎರಡೂ ಗುಂಪಿನಲ್ಲಿ 100ಕ್ಕೆ 70ಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಚೆನ್ನಾಗಿ ಗುಣ ಕಂಡಿತು.

ಇನ್ನೊಂದು ಪಕ್ಕದ ಮಾತನ್ನೂ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಅದೇ 2016ರಲ್ಲಿ ಅಮೆರಿಕದ 66 ಜನರ ಅಧ್ಯಯನವೂ ಬಂತು. ಅದರಲ್ಲಿ ಬೆಸೆದವರಿಗೆ ಒಟ್ಟು ಆರೋಗ್ಯದ ಅಂಕ ಸ್ವಲ್ಪ ಮೇಲಿತ್ತು. ಬರೀ ದಾರಿ ಬಿಡಿಸಿದವರಲ್ಲಿ ಮೂವರಲ್ಲಿ ಒಬ್ಬರಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಯಿತು, ಬೆಸೆದವರಲ್ಲಿ ಏಳರಲ್ಲಿ ಒಬ್ಬರಿಗೆ. ಆದರೆ ಅಲ್ಲಿ ಮಾಡಿದ್ದು ಹಳೆಯ ಕಾಲದ ಪೂರ್ತಿ ಲ್ಯಾಮಿನೆಕ್ಟಮಿ. ನಾರ್ವೆಯವರು ನಡುವಿನ ಮೊನೆ, ಪಟ್ಟಿ ಉಳಿಸಿಕೊಂಡು ಸಣ್ಣದಾಗಿ ಮಾಡಿದ್ದರು. ಅವರಲ್ಲಿ ಮತ್ತೆ ಆಪರೇಷನ್ ಬೇಕಾದದ್ದು 100ಕ್ಕೆ ಸುಮಾರು 12 ಜನಕ್ಕೆ, ಬೆಸೆದ ಗುಂಪಿನಲ್ಲಿ ಸುಮಾರು 9. ಮೂಳೆ ಜಾರಿದವರಿಗೆ ಸ್ಕ್ರೂ ಬೇಕಾ ಎಂಬ ಪ್ರಶ್ನೆಯೊಳಗೆ, ನಾವು ಎಷ್ಟು ಮೂಳೆ ಕೀಳುತ್ತಿದ್ದೇವೆ ಎಂಬ ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ಹಾಗಂತ ಸ್ಕ್ರೂ ಹೇಳಿದ ಡಾಕ್ಟರ್ ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಸ್ಕ್ರೂ ಬೇಕೇ ಬೇಕಾದವರಿದ್ದಾರೆ. ಕಾಲಿಗಿಂತ ಸೊಂಟವೇ ಜಾಸ್ತಿ ನೋಯುವವರು, ಬಾಗಿದಾಗ ಎದ್ದಾಗ ಮೂಳೆ ಹಿಂದೆ ಮುಂದೆ ಆಡುವವರು, ಬೆನ್ನು ಪಕ್ಕಕ್ಕೆ ಸೊಟ್ಟಗಾಗಿರುವವರು, ನರ ಹೊರಗೆ ಬರುವ ಪಕ್ಕದ ತೂತಿನಲ್ಲೇ ಸಿಕ್ಕಿಹಾಕಿಕೊಂಡಿರುವವರು. ಕೊನೆಯದರಲ್ಲಿ ನರ ಬಿಡಿಸಲು ಕೀಲನ್ನೇ ತೆಗೆಯಬೇಕಾಗಬಹುದು, ತೆಗೆದ ಮೇಲೆ ಆಧಾರ ಕೊಡಲೇಬೇಕು. ಅಪ್ಪಾಜಿ ಇವರಲ್ಲಿ ಒಬ್ಬರೇ ಎಂದು ಮಲಗಿಸಿ ತೆಗೆದ ಎಂಆರ್‌ಐ ಪೂರ್ತಿ ಹೇಳುವುದಿಲ್ಲ. ನಿಲ್ಲಿಸಿ, ಮುಂದಕ್ಕೆ ಬಾಗಿಸಿ ಒಂದು, ಹಿಂದಕ್ಕೆ ಬಾಗಿಸಿ ಒಂದು, ಪಕ್ಕದಿಂದ ಎಕ್ಸ್‌ರೇ ತೆಗೆಸಿ. ಅದಕ್ಕೆ ಎಂಆರ್‌ಐನಷ್ಟು ದುಡ್ಡೂ ಆಗುವುದಿಲ್ಲ. ಎರಡರ ನಡುವೆ ಮೂಳೆ ಹೆಚ್ಚೇನೂ ಕದಲದಿದ್ದರೆ, ನೋವು ಮುಖ್ಯವಾಗಿ ಕಾಲಿನಲ್ಲೇ ಇದ್ದರೆ, ನಾನು ಎರಡನೇ ಡಾಕ್ಟರ್ ಪರ.

ಎಲ್3-ಎಲ್4 ಕೂಡ ಬಿಡಿಸಬೇಕಾ? ವರದಿಯಲ್ಲಿ ‘ಮಾಡರೇಟ್’ ಎಂದಿದೆ ಎಂಬ ಕಾರಣಕ್ಕೇ ಮಾಡುವುದು ಬೇಡ. ಆ ಮಟ್ಟದ ನರ ಒತ್ತಿದರೆ ತೊಡೆಯ ಮುಂಭಾಗ, ಮೊಣಕಾಲಿನ ಕಡೆ ತೊಂದರೆ ಕಾಣಬೇಕು. ನೀವು ಹೇಳುವುದು ಪಿರ್ರೆ ಮತ್ತು ಮೀನಖಂಡ. ಆದರೂ ಇದನ್ನು ಮುಟ್ಟಿ ನೋಡಿದ ಡಾಕ್ಟರೇ ತೀರ್ಮಾನಿಸಬೇಕು, ನಾನು ಪತ್ರ ನೋಡಿ ಹೇಳುವುದಲ್ಲ.

ಸಣ್ಣ ಆಪರೇಷನ್ ಎಂದರೆ ಅಪಾಯವೇ ಇಲ್ಲ ಎಂದಲ್ಲ. ನರದ ಚೀಲ ಸಣ್ಣದಾಗಿ ಹರಿದು ನೀರು ಸೋರಬಹುದು. 100ರಲ್ಲಿ ಸುಮಾರು 5 ಜನಕ್ಕೆ ಹೀಗಾಗುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಅಲ್ಲೇ ಮುಚ್ಚಿ ಒಂದೆರಡು ದಿನ ಮಲಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಳಗೆ ರಕ್ತ ಗಟ್ಟಿಕಟ್ಟಿ ನರ ಒತ್ತುವುದು, ಕೀವಾಗುವುದು, ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಇಲ್ಲ ಎನ್ನುವಂತಿಲ್ಲ. ಶುಗರ್ ಜಾಸ್ತಿ ಇದ್ದರೆ ಕೀವಿನ ಭಯ ಜಾಸ್ತಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8ರ ಒಳಗೆ ಬರುವವರೆಗೆ ನಾನು ಕಾಯುತ್ತೇನೆ. ತುರ್ತಿಲ್ಲದ ಆಪರೇಷನ್ ಇದು, ಕಾಯುವುದರಿಂದ ಏನೂ ಕೆಡುವುದಿಲ್ಲ. ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ ಮನೆಯವರೆಲ್ಲ ಕೂತು ಕೇಳಬೇಕು. ಈ ಆಪರೇಷನ್ ಮಾಡುವುದು ನಡಿಗೆಗೆ. ನಡೆದಾಗ ಕಾಲು ಸೋಲುವುದು ಚೆನ್ನಾಗಿ ಕಡಿಮೆಯಾಗುತ್ತದೆ. ಎಷ್ಟೋ ಜನ ಮಾರನೇ ದಿನ ವಾರ್ಡಿನಲ್ಲಿ ನಡೆದಾಗಲೇ ಗುರುತಿಸುತ್ತಾರೆ. ಸೊಂಟ ನೋವು ಅಷ್ಟಾಗಿ ಹೋಗುವುದಿಲ್ಲ, ಅದು ಸವೆದ ಕೀಲುಗಳದು. ಬಹಳ ದಿನದಿಂದ ಮರಗಟ್ಟಿದ್ದ ಜಾಗಕ್ಕೆ ಸ್ಪರ್ಶ ಬರಲು ತಿಂಗಳುಗಳು ಬೇಕು, ಕೆಲವೊಮ್ಮೆ ಪೂರ್ತಿ ಬರುವುದೂ ಇಲ್ಲ. ಬೇರೆ ಮಟ್ಟದಲ್ಲಿ ಮುಂದೆ ದಾರಿ ಕಿರಿದಾಗಲೂಬಹುದು, ವಯಸ್ಸು ನಿಲ್ಲುವುದಿಲ್ಲವಲ್ಲ.

ನೆಂಟರು ಹೇಳಿದ ‘ಹಾಸಿಗೆ ಹಿಡಿಯುವ’ ಮಾತಿಗೆ ಉತ್ತರ: ಎಲ್ಲ ಸರಿಯಿದ್ದರೆ ಮಾರನೇ ದಿನವೇ ನಡೆಸುತ್ತೇವೆ, ಎರಡು ಮೂರು ದಿನದಲ್ಲಿ ಮನೆಗೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಯಬೇಕು. ಆರು ವಾರ ಭಾರ ಎತ್ತುವುದು, ಸೊಂಟ ತಿರುಗಿಸಿ ಬಾಗುವುದು ಬೇಡ. ಅಂಗಡಿಯಲ್ಲಿ ಬೇಳೆ ಮೂಟೆಗೆ ಕೈ ಹಾಕುವ ಹಳೆಯ ಚಾಳಿ ಇದ್ದೇ ಇರುತ್ತದೆ, ಅಷ್ಟು ದಿನ ಗಲ್ಲಾದ ಮುಂದೆ ಕುರ್ಚಿ ಹಾಕಿ ಕೂರಿಸಿ. ಆದರೆ ಒಂದೇ ಸಮನೆ ಕೂರುವುದೂ ಬೇಡ, ಅರ್ಧ ಗಂಟೆಗೊಮ್ಮೆ ಏಳಲಿ. ಪಾಯಿಖಾನೆಗೆ ಸ್ವಲ್ಪ ದಿನ ಕಮೋಡ್ ಇದ್ದರೆ ಅನುಕೂಲ.

ಖರ್ಚಿನ ಮಾತು: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಮಾತ್ರ ಯೋಜನೆ ಕೊಡುತ್ತದೆ. ಖಾಸಗಿಗೆ ಸೇರಿಸುವ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ರೆಫರಲ್ ಬಗ್ಗೆ ವಿಚಾರಿಸಿ. ಸೇರಿದ ಮೇಲೆ ಓಡಾಡುವುದು ಕಷ್ಟ.

ನಿಮ್ಮ ಪತ್ರ ಎರಡು ಸಲ ಓದಿದೆ. ಇಬ್ಬರು ಡಾಕ್ಟರರ ಮಾತು ಇದೆ, ನೆಂಟರ ಮಾತು ಇದೆ, ಅಪ್ಪಾಜಿಗೆ ಏನು ಬೇಕು ಎಂಬುದು ಇಲ್ಲ. ಸಂಜೆ ಬಿಡುವಾಗಿ ಕೂತು ಕೇಳಿ. ಸೈಕಲ್ಲಿನಲ್ಲಿ ಅಂಗಡಿಗೆ ಬಂದು ಹೋಗುವುದಷ್ಟೇ ಸಾಕು ಎಂದರೆ, ವ್ಯಾಯಾಮ ಮಾಡಿಕೊಂಡು ಆರು ತಿಂಗಳು ನೋಡಬಹುದು, ಅದರಲ್ಲಿ ತಪ್ಪೇನಿಲ್ಲ. ಇಲ್ಲ, ದುಗ್ಗಮ್ಮನ ಜಾತ್ರೆಯಲ್ಲಿ ಸರದಿಯಲ್ಲಿ ನಿಂತು ದರ್ಶನ ಮಾಡಬೇಕು, ಮೊಮ್ಮಕ್ಕಳ ಕೈ ಹಿಡಿದು ಪೇಟೆ ಸುತ್ತಬೇಕು ಎಂದರೆ, ಅದು ಈ ಸಣ್ಣ ಆಪರೇಷನ್ನಿಗೆ ಸಾಕಾಗುವಷ್ಟು ಒಳ್ಳೆಯ ಕಾರಣ. ಅವರ ಉತ್ತರ, ಕಾಲಿನ ನಾಡಿ, ಬಾಗಿಸಿ ತೆಗೆದ ಎರಡು ಎಕ್ಸ್‌ರೇ, ಎಚ್‌ಬಿಎ1ಸಿ, ಇಷ್ಟು ಸಿಕ್ಕ ಮೇಲೆ ಮತ್ತೆ ಬರೆಯಿರಿ. ನಿಲ್ಲದೆ ಎಷ್ಟು ನಿಮಿಷ ನಡೆಯುತ್ತಾರೆ ಎಂದು ಗಡಿಯಾರ ನೋಡಿ ಮೂರು ದಿನ ಬರೆದಿಟ್ಟಿರಿ, ಅದನ್ನೂ ಸೇರಿಸಿ ಕಳಿಸಿ.